ಹೊಸಬರಿಗೆ: ಹುಲ್ಲು ಕತ್ತರಿಸುವ ರೋಬೋಟ್ ತರುವ ಮುಂಚೆ

ಅಪಾರ್ಟ್‌ಮೆಂಟ್‌ನಲ್ಲಿ ಇದ್ದು ಬಂದವರಿಗೆ ಮನೆ ಜೊತೆ ಲಾನ್ ಸಿಕ್ಕರೆ ಮೊದಲು ಖುಷಿಯೋ ಖುಷಿ. ಎರಡು ವಾರಕ್ಕೆ ಹುಲ್ಲು ಪಾದ ಮುಚ್ಚುತ್ತದೆ. ಆಮೇಲೆ ಸಂಘದಲ್ಲಿ ಸಿಕ್ಕವರನ್ನೆಲ್ಲ ಕೇಳುವುದು ಒಂದೇ: "ಆ ರೋಬೋಟ್ ತಗೊಂಡ್ರೆ ಸಾಕಲ್ವಾ?"

ಸಾಕು. ಆದರೆ ಅದು ಬೆಳೆದು ನಿಂತ ಹುಲ್ಲು ಕೊಯ್ಯುವ ಯಂತ್ರ ಅಲ್ಲ, ಬೆಳೆಯದಂತೆ ನೋಡಿಕೊಳ್ಳುವ ಯಂತ್ರ. ಹೊಟ್ಟೆಯಡಿ ತಿರುಗುವ ತಟ್ಟೆಗೆ ಶೇವಿಂಗ್ ಬ್ಲೇಡಿನಷ್ಟೇ ಸಣ್ಣ ಅಲಗುಗಳು ಇರುತ್ತವೆ. ಆಗಾಗ ಓಡಾಡಿ ತುದಿಯನ್ನಷ್ಟೇ ಸವರುತ್ತದೆ. ಆ ಚೂರು ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ, ಗುಡಿಸುವ ಕೆಲಸವಿಲ್ಲ. ಹಾಗಾಗಿ ಮೊದಲ ಸಲ ಹುಲ್ಲು ಇಳಿಸುವುದು ನಿಮ್ಮ ಕೆಲಸ. ಅದಕ್ಕೆ ಸುಮ್ನೆ ಇನ್ನೊಂದು ಮಷಿನ್ ಕೊಳ್ಳಬೇಡಿ, ಯಾರ ಹತ್ತಿರವಾದರೂ ಕೇಳಿ ತನ್ನಿ. ಒಂದೇ ದಿನ ಬೋಳಿಸಲೂ ಬೇಡಿ. ಮೂರರಲ್ಲಿ ಒಂದು ಪಾಲು ತೆಗೆದು, ಕೆಲವು ದಿನ ಬಿಟ್ಟು ಮತ್ತೆ ಕತ್ತರಿಸಿ.

ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿಯೇ ಮುಂದುವರಿಯಿರಿ. ಯಾಕೆಂದರೆ ಹಲವು ಮಾದರಿಗಳಿಗೆ ಗಡಿ ಎಲ್ಲಿ ಅಂತ ಗೊತ್ತಾಗಲು ಲಾನ್ ಸುತ್ತ ಸಿಗ್ನಲ್ ಹರಿಯುವ ತಂತಿ ಹಾಯಿಸಬೇಕು. ನೆಲದ ಮೇಲೆ ಗೂಟ ಹೊಡೆದು ಕೂರಿಸಿದರೂ ಸಾಕು, ಕೆಲವು ವಾರದಲ್ಲಿ ಹುಲ್ಲು ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡ ಮೇಲೆ ತಂತಿ ಎಲ್ಲಿದೆ ಅನ್ನುವುದೇ ಮರೆತುಹೋಗುತ್ತದೆ! ನಾನು ಗುಲಾಬಿ ನೆಡಲು ಹೋಗಿ ಗುದ್ದಲಿಯ ಒಂದೇ ಏಟಿಗೆ ಕಡಿದೆ. ರೋಬೋಟ್ ತನ್ನ ಗೂಡು, ಅಂದರೆ ಚಾರ್ಜ್ ಆಗುವ ಜಾಗ, ಬಿಟ್ಟು ಕದಲಲಿಲ್ಲ. ಇನ್ಸುಲೇಷನ್ ಟೇಪ್ ಸುತ್ತಿದೆ. ಮಳೆ ಬಂತು, ನೀರು ಇಳಿಯಿತು, ಮತ್ತೆ ಅದೇ ಕಥೆ. ನೀರು ಹೋಗದ ಜಾಯಿಂಟ್ ಎರಡು ತಂದಿಟ್ಟುಕೊಳ್ಳಿ. ತಂತಿ ಹಾಕಿದ ದಿನವೇ ಫೋಟೋ ತೆಗೆದಿಡಿ.

ತಂತಿ ಬೇಡದ ಮಾದರಿಗಳೂ ಇವೆ. ಉಪಗ್ರಹದ ಸಿಗ್ನಲ್ ನಂಬಿದವಕ್ಕೆ ತೆರೆದ ಆಕಾಶ ಬೇಕು. ದಟ್ಟ ಮರದಡಿ, ಎತ್ತರದ ಗೋಡೆಗಳ ಸಂದಿಯಲ್ಲಿ ದಾರಿ ತಪ್ಪುತ್ತವೆ.

ಇಳಿಜಾರು ಇದ್ದರೆ ಪೆಟ್ಟಿಗೆ ಮೇಲಿನ ಅಂಕಿ ಸರಿಯಾಗಿ ಓದಿ. ಶೇಕಡ 35 ಅಂದರೆ 35 ಡಿಗ್ರಿ ಅಲ್ಲ. ಒಂದು ಮೀಟರ್ ಮುಂದೆ ಹೋಗುವಷ್ಟರಲ್ಲಿ 35 ಸೆಂಟಿಮೀಟರ್ ಇಳಿಯುವುದು, ಸುಮಾರು 19 ಡಿಗ್ರಿ.

ಎತ್ತಿದರೆ ಅಲಗು ನಿಲ್ಲುವ ವ್ಯವಸ್ಥೆ ಇರುತ್ತದೆ, ನಿಜ. ಹಾಗಂತ ಮಕ್ಕಳು ಆಡುವ ಹೊತ್ತಿಗೆ ಓಡಿಸಬೇಡಿ. ಬರಿಗಾಲಿನ ಪುಟ್ಟ ಬೆರಳಿಗೆ ಸೆನ್ಸರ್ ಭರವಸೆ ಸಾಲದು. ರಾತ್ರಿಯೂ ಬೇಡ: ಹೆದರಿದಾಗ ಓಡದೆ ಮುದುಡಿಕೊಳ್ಳುವ ಸಣ್ಣ ಪ್ರಾಣಿಗಳು ಹೊರಬರುವ ಹೊತ್ತು ಅದು.

ಹುಲ್ಲಿನ ತುದಿ ಹರಿದಂತಾಗಿ ಕಂದು ಬಣ್ಣಕ್ಕೆ ತಿರುಗಿದರೆ ಅಲಗು ಮೊಂಡಾಗಿದೆ. ಯಂತ್ರ ಆಫ್ ಮಾಡಿ, ಗ್ಲೌಸ್ ಹಾಕಿಕೊಂಡು, ಎಲ್ಲವನ್ನೂ ಒಟ್ಟಿಗೇ ಬದಲಾಯಿಸಿ. ಹೆಪ್ಪುಗಟ್ಟುವ ಚಳಿ ಇರುವ ಕಡೆ ಚಳಿಗಾಲ ಮುಗಿಯುವವರೆಗೆ ಒಳಗಿಡಿ.

ಗೋಡೆ ಬುಡದ ಹುಲ್ಲು ಮಾತ್ರ ಅದಕ್ಕೆ ಎಟುಕುವುದಿಲ್ಲ. ಆ ಒಂದು ಗೇಣು ಯಾರ ಪಾಲಿಗೆ ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.