ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕಾಣಿಸದಿದ್ದಾಗ ನಾನು ವೋಲ್ಟೇಜ್ ಅಳೆದ ಬಗೆ

ಫೋಟೋ ಸ್ಟುಡಿಯೊ ಒಂದರಿಂದ ನನ್ನಲ್ಲಿಗೆ ದುರಸ್ತಿಗೆ ಬಂದ ಡೆಸ್ಕ್‌ಟಾಪಿನ ಮುಂಭಾಗದ ಯುಎಸ್‌ಬಿ ಪೋರ್ಟಿನಲ್ಲಿ ಮೌಸ್ ಕೆಲಸ ಮಾಡುತ್ತಿತ್ತು, ಪೆನ್‌ಡ್ರೈವ್ ಕೂಡ ತೆರೆದುಕೊಳ್ಳುತ್ತಿತ್ತು. ಆದರೆ ಎರಡೂವರೆ ಇಂಚಿನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ದೀಪ ಹೊತ್ತಿ, ಒಳಗಿನಿಂದ ಟಿಕ್ ಟಿಕ್ ಸದ್ದು ಬರುತ್ತಿತ್ತೇ ಹೊರತು ಡ್ರೈವ್ ಕಾಣಿಸುತ್ತಿರಲಿಲ್ಲ. ಡಿಸ್ಕೇ ಕೆಟ್ಟಿದೆಯೆಂದು ಮಾಲೀಕರು ಹೊಸದನ್ನು ಕೊಳ್ಳಲು ಹೊರಟಿದ್ದರು. ನಾನೋ, ಮೌಸ್ ನಡೆಯುತ್ತಿದೆ ಎಂದ ಮೇಲೆ ಪೋರ್ಟಿನಲ್ಲಿ ದೋಷವಿಲ್ಲವೆಂದು ತೀರ್ಮಾನಿಸಿ, ಡಿಸ್ಕನ್ನು ಕಂಪ್ಯೂಟರಿಗೆ ಗುರುತಿಸಿಕೊಡುವ ತಂತ್ರಾಂಶಗಳಾದ ಡ್ರೈವರುಗಳನ್ನು ತೆಗೆದು ಮತ್ತೆ ಹಾಕುವುದರಲ್ಲೇ ಒಂದು ಗಂಟೆ ಕಳೆದೆ.

ಸಾಮಾನ್ಯ ಮೌಸಿಗೆ 100 ಮಿಲಿಆಂಪಿಯರ್ ಕೂಡ ಬೇಡ. ಹಾರ್ಡ್ ಡಿಸ್ಕಿನ ತಟ್ಟೆ ತಿರುಗಲು ಆರಂಭಿಸುವ ಕೆಲವು ಕ್ಷಣಗಳಲ್ಲಿ ಮಾತ್ರ ಒಂದು ಆಂಪಿಯರಿನ ಆಸುಪಾಸು ಬೇಕಾಗಬಹುದು, ಯುಎಸ್‌ಬಿ 2.0 ಪೋರ್ಟಿಗೆ ನಿಗದಿಯಾದ ಕರೆಂಟಿನ ಮಿತಿ 500, 3.0ಕ್ಕೆ 900 ಮಿಲಿಆಂಪಿಯರ್. ಇದು ನೆನಪಾದ ಮೇಲೆ ಮಲ್ಟಿಮೀಟರ್ ಹಿಡಿದೆ. ಖಾಲಿ ಪೋರ್ಟು 5.02 ವೋಲ್ಟ್ ತೋರಿಸಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಮತ್ತೊಮ್ಮೆ ಮೋಸ ಹೋಗುತ್ತಿದ್ದೆ, ಏಕೆಂದರೆ ಕರೆಂಟ್ ಹರಿಯದಿರುವಾಗ ಎಂತಹ ಸಡಿಲ ಜೋಡಣೆಯೂ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಪೋರ್ಟಿಗೂ ಡಿಸ್ಕಿಗೂ ನಡುವೆ ಸಿಕ್ಕಿಸುವ ಸಣ್ಣ ಯುಎಸ್‌ಬಿ ಟೆಸ್ಟರನ್ನು ಹಾಕಿ ನೋಡಿದಾಗ, ಡಿಸ್ಕ್ ತಿರುಗಲು ಹವಣಿಸಿದಾಗಲೆಲ್ಲ ಅಂಕಿ 4.3ಕ್ಕೆ ಕುಸಿದು, ಟಿಕ್ ಎಂದೊಡನೆ ಮೇಲೇರುತ್ತಿತ್ತು.

ಅದೇ ಡಿಸ್ಕನ್ನು ಅದೇ ಕೇಬಲಿನಿಂದ ಹಿಂಭಾಗದ ಪೋರ್ಟಿಗೆ ಹಾಕಿದೆ, ವೋಲ್ಟೇಜ್ 4.9ರ ಕೆಳಗಿಳಿಯಲಿಲ್ಲ, ಫೈಲುಗಳೂ ಕಂಡವು. ಹೀಗೆ ಪದೇಪದೇ ವಿದ್ಯುತ್ ತಪ್ಪಿದ ಡಿಸ್ಕನ್ನು ನಂಬುವುದು ಸರಿಯಲ್ಲವೆನಿಸಿ, ಮೊದಲು ಅದರಲ್ಲಿದ್ದ ಮದುವೆಯ ಫೋಟೋಗಳನ್ನೆಲ್ಲ ನಕಲು ಮಾಡಿಟ್ಟೆ.

ನಂತರ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲಕಾಲ ಒತ್ತಿಹಿಡಿದು ಉಳಿದ ಚಾರ್ಜ್ ಇಳಿಸಿ, ಕ್ಯಾಬಿನೆಟ್ ಬಿಚ್ಚಿದೆ. ಮುಂಭಾಗದ ಪೋರ್ಟಿನ ಕೇಬಲ್ ಮದರ್‌ಬೋರ್ಡಿಗೆ ಸೇರುವಲ್ಲಿ, 5 ವೋಲ್ಟಿನ ಕೆಂಪು ತಂತಿಯ ಸುತ್ತಲಿನ ಪ್ಲಾಸ್ಟಿಕ್ ಕಂದುಗಟ್ಟಿತ್ತು. ಬೆರಳಿನಿಂದ ಅಲುಗಿಸಿದರೆ ಕನೆಕ್ಟರ್ ಪಿನ್ನಿನ ಮೇಲೆ ಆಡುತ್ತಿತ್ತು. ಅಂಥ ಕಡೆ ಅರ್ಧ ಓಮ್ ಪ್ರತಿರೋಧ ಸೇರಿದರೂ, ಒಂದು ಆಂಪಿಯರ್ ಹರಿಯುವಾಗ ಅರ್ಧ ವೋಲ್ಟ್ ಅಲ್ಲೇ ನಷ್ಟವಾಗುತ್ತದೆ. ಮೌಸಿನ ಅಲ್ಪ ಕರೆಂಟಿಗೆ ಆ ನಷ್ಟ ಗೊತ್ತೇ ಆಗುವುದಿಲ್ಲ. ಪಿನ್ನನ್ನು ಒರೆಸಿ, ಮುಂಭಾಗದ ಕೇಬಲನ್ನೇ ಬದಲಿಸಿದ ಮೇಲೆ ಡಿಸ್ಕ್ ತಿರುಗುವಾಗಲೂ 4.87 ಉಳಿಯಿತು.

ಯಂತ್ರ ಒಯ್ಯಲು ಬಂದಾಗ ಮಾಲೀಕರ ಚೀಲದಲ್ಲಿ ಅಡಾಪ್ಟರ್ ಇಲ್ಲದ, ಅಂದರೆ ಒಂದೇ ಪೋರ್ಟಿನ ಕರೆಂಟನ್ನು ನಾಲ್ಕಕ್ಕೆ ಹಂಚುವ, ನಾಲ್ಕು ಪೋರ್ಟಿನ ಹಬ್ ಒಂದಿತ್ತು. ಕಾರ್ಡ್ ರೀಡರ್, ಪೆನ್ ಟ್ಯಾಬ್ಲೆಟ್‌ಗಳಿಗೆ ಅದು ಸಾಕು, ಡಿಸ್ಕನ್ನು ಮಾತ್ರ ನೇರವಾಗಿ ಹಿಂಭಾಗಕ್ಕೇ ಹಾಕಿ ಎಂದು ಹೇಳಿ ಕಳುಹಿಸಿದೆ.