ಗೆರೆ ಬಗ್ಗಿದ ಕಡೆಯೇ ಕೆಲಸ ಸಿಕ್ಕಿತು

ನನ್ನ ಪಿಎಚ್‌ಡಿ ದ್ರವಗಳ ಹರಿವಿನ ಸಿಮ್ಯುಲೇಶನ್ ಬಗ್ಗೆ. ಅದು ಮುಗಿಯುವ ಮೊದಲೇ ವಿಶ್ವವಿದ್ಯಾಲಯಗಳ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನಾ) ಹುದ್ದೆಗಳಿಗೆ ಒಂಬತ್ತು ಅರ್ಜಿ ಹಾಕಿದ್ದೆ. ಮುಂದೆ ಪೇಪರ್‌ಗಳ ಪಟ್ಟಿ, ತುದಿಯಲ್ಲಿ ಒಂದೇ ಸಾಲು: 'ಸಿ++, ಎಂಪಿಐ, ಓಪನ್‌ಎಂಪಿ ಗೊತ್ತು'. ಮೊದಲನೆಯದು ಪ್ರೋಗ್ರಾಮಿಂಗ್ ಭಾಷೆ, ಉಳಿದೆರಡು ಒಂದೇ ಲೆಕ್ಕವನ್ನು ಹಲವು ಕೋರ್‌ಗಳಿಗೆ, ಅಂದರೆ ಪ್ರೊಸೆಸರಿನ ಲೆಕ್ಕ ಮಾಡುವ ಘಟಕಗಳಿಗೆ, ಹಂಚುವ ಸಾಧನಗಳು. ಏಳು ಕಡೆಯಿಂದ ಉತ್ತರವೇ ಬರಲಿಲ್ಲ. ಉಳಿದೆರಡು ಕಡೆಯವರು ಬೇಡ ಅಂದರು.

ಆಮೇಲೆ ಜಾಹೀರಾತುಗಳನ್ನು ನಿಧಾನವಾಗಿ ಓದಿದೆ. ಗೊತ್ತಿದೆಯಾ ಅಂತ ಯಾರೂ ಕೇಳಿರಲಿಲ್ಲ. ದೊಡ್ಡ ಕ್ಲಸ್ಟರ್‌ನಲ್ಲಿ (ಒಟ್ಟಿಗೆ ಜೋಡಿಸಿದ ಹಲವು ಕಂಪ್ಯೂಟರ್‌ಗಳಲ್ಲಿ) ಓಡಿಸಿ ತೋರಿಸಿದ್ದೀರಾ ಅನ್ನುವುದೇ ಅವರ ಪ್ರಶ್ನೆ.

ಸರಿ, ಕೋರ್ ಹೆಚ್ಚಿಸಿದಂತೆ ವೇಗ ಎಷ್ಟು ಏರುತ್ತದೆ ಎಂದು ನೋಡುವ ಸ್ಕೇಲಿಂಗ್ ಟೆಸ್ಟ್ ಮಾಡಿಯೇ ಬಿಡೋಣ ಎಂದು ಕೂತೆ. ಒಂದೇ ಲೆಕ್ಕ, 32 ಕೋರ್‌ಗಳಿಂದ ಶುರು, ಪ್ರತಿ ಸಲ ದುಪ್ಪಟ್ಟು. 256ರ ತನಕ ಚೆನ್ನಾಗಿಯೇ ಹೋಯಿತು. 512ಕ್ಕೆ ಹಾಕಿದರೆ 256ಕ್ಕಿಂತ ನಿಧಾನ! ಮೊದಲು ಕ್ಲಸ್ಟರನ್ನೇ ಬೈದುಕೊಂಡೆ. ಸಮಯ ಎಲ್ಲಿ ಹೋಗುತ್ತಿದೆ ಎಂದು ತೋರಿಸುವ ಪ್ರೊಫೈಲರ್ ಹಚ್ಚಿದ ಮೇಲೆ ತಪ್ಪು ನನ್ನದೇ ಎಂದು ಗೊತ್ತಾಯಿತು. ಎಲ್ಲ ರ‍್ಯಾಂಕ್‌ಗಳ (ಒಂದೊಂದು ಕೋರಿನಲ್ಲಿ ಓಡುವ ಪ್ರೋಗ್ರಾಮಿನ ಪ್ರತಿಗಳ) ಡೇಟಾವನ್ನು ರ‍್ಯಾಂಕ್ ಸೊನ್ನೆಗೆ ತರಿಸಿ, ಅದೊಂದರಿಂದಲೇ ಫೈಲ್ ಬರೆಸುತ್ತಿದ್ದೆ. ಉದ್ದದ ಸಾಲು, ಕೌಂಟರ್ ಒಂದೇ. ಉಳಿದ 511 ಸುಮ್ನೆ ಕಾಯುತ್ತಿದ್ದವು. ಎಂಪಿಐನದೇ ಫೈಲ್ ಬರೆಯುವ ಭಾಗವಾದ ಎಂಪಿಐ-ಐಒ ಬಳಸಿ ಪ್ರತಿ ರ‍್ಯಾಂಕ್ ತನ್ನ ಪಾಲನ್ನು ತಾನೇ ಬರೆಯುವ ಹಾಗೆ ಮಾಡಿದೆ. ಗ್ರಾಫ್‌ನಲ್ಲಿ ವೇಗದ ಗೆರೆ ಮತ್ತೆ ಮೇಲೇರಿತು. 1024ರಲ್ಲಿ ಮತ್ತೆ ಬಗ್ಗಿತು. ಅಷ್ಟು ಹೊತ್ತಿಗೆ ಒಂದೊಂದು ಕೋರಿಗೆ ಸಿಗುವ ಕೆಲಸ ಚಿಕ್ಕದಾಗಿ, ಲೆಕ್ಕಕ್ಕಿಂತ ಅಕ್ಕಪಕ್ಕದವರ ಜೊತೆ ಅಂಚಿನ ಡೇಟಾ ಹಂಚಿಕೊಳ್ಳುವುದಕ್ಕೇ ಜಾಸ್ತಿ ಸಮಯ ಹಿಡಿಯುತ್ತಿತ್ತು.

ಗ್ರಾಫ್‌ನಿಂದ ಆ ಕೊನೆಯ ಚುಕ್ಕಿಯನ್ನು ತೆಗೆದುಬಿಡು ಎಂದು ಗೆಳೆಯ ಹೇಳಿದ. ತೆಗೆಯಲಿಲ್ಲ. ಹತ್ತನೇ ಅರ್ಜಿಯ ಮೊದಲ ಪುಟಕ್ಕೇ ಆ ಗ್ರಾಫ್ ಹಾಕಿದೆ, ಕೆಳಗೆ ನಾಲ್ಕು ಸಾಲಿನ ವಿವರಣೆ, ಜೊತೆಗೆ ಕೋಡ್ ಇಟ್ಟಿದ್ದ ಗಿಟ್ ಕೊಂಡಿ.

ಸಂದರ್ಶನದಲ್ಲಿ ಅರ್ಧ ಸಮಯ ಆ ಬಗ್ಗಿದ ಚುಕ್ಕಿಯ ಮೇಲೇ ಹೋಯಿತು. ಪೇಪರ್‌ಗಳ ಬಗ್ಗೆ ಒಂದೇ ಪ್ರಶ್ನೆ. 'ಕೋಡಿನ ಶೇಕಡಾ 5 ಭಾಗ ಸೀರಿಯಲ್ ಆಗಿದ್ದರೆ, ಅಂದರೆ ಕೋರ್‌ಗಳಿಗೆ ಹಂಚಲು ಆಗದಿದ್ದರೆ, ಎಷ್ಟು ಪಟ್ಟು ವೇಗ ಸಿಗಬಹುದು?' ಎಂದರು. ಈ ಮಿತಿಯನ್ನು ಹೇಳುವ ಆಮ್ಡಾಲ್ ನಿಯಮ ಬಾಯಿಗೆ ಬರಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಹಾಕಿ, ಕೋರ್ ಎಷ್ಟೇ ಇದ್ದರೂ 20 ಪಟ್ಟು ದಾಟಲ್ಲ ಎಂದೆ. 'ಸಮಯದ ಮಿತಿ ಮುಗಿದು ಸ್ಲರ್ಮ್ ನಿಮ್ಮ ಜಾಬನ್ನು ಕೊಂದರೆ?' ಸ್ಲರ್ಮ್ ಅಂದರೆ ಕ್ಲಸ್ಟರ್‌ನಲ್ಲಿ ಯಾರ ಕೆಲಸ ಯಾವಾಗ ಓಡಬೇಕು ಎಂದು ನೋಡಿಕೊಳ್ಳುವ ತಂತ್ರಾಂಶ. ಚೆಕ್‌ಪಾಯಿಂಟ್ ಇಟ್ಟಿದ್ದೇನೆ (ನಡುನಡುವೆ ಸ್ಥಿತಿಯನ್ನು ಉಳಿಸಿಡುತ್ತೇನೆ), ಅಲ್ಲಿಂದಲೇ ಮುಂದುವರಿಯುತ್ತದೆ ಎಂದೆ. ಅಲ್ಲಿ ಒಬ್ಬರು ನಕ್ಕರು, ಬಹುಶಃ ಅವರಿಗೂ ಪೆಟ್ಟು ಬಿದ್ದಿತ್ತು.

ನನ್ನ ಸರದಿ ಬಂದಾಗ ಮೂರು ವಿಷಯ ಕೇಳಿದೆ: ವರ್ಷಕ್ಕೆ ಎಷ್ಟು ಕೋರ್-ಅವರ್ (ಒಂದು ಕೋರನ್ನು ಒಂದು ಗಂಟೆ ಬಳಸುವ ಲೆಕ್ಕ) ಸಿಗುತ್ತದೆ, ಒಪ್ಪಂದ ಎಷ್ಟು ವರ್ಷದ್ದು, ಕೋಡ್ ಬರೆದ ಕೆಲಸಕ್ಕೆ ಪೇಪರಿನಲ್ಲಿ ಹೆಸರು ಬರುತ್ತದೆಯೇ. ಮೂರನೆಯದನ್ನು ಕೇಳಲು ಸಂಕೋಚವಾಗುತ್ತೆ. ಆದರೂ ಕೇಳಿ.

ಕೆಲಸ ಸಿಕ್ಕಿತು, ಎರಡು ವರ್ಷಕ್ಕೆ. ಈಗ ದಿನದ ಅರ್ಧ ಹೊತ್ತು ಹಳೇ ಕೋಡನ್ನು ಜಿಪಿಯುಗೆ (ಗ್ರಾಫಿಕ್ಸ್ ಪ್ರೊಸೆಸರಿಗೆ) ಸಾಗಿಸುವುದು, ಇನ್ನರ್ಧ ವಿದ್ಯಾರ್ಥಿಗಳ ಜಾಬ್ ಸ್ಕ್ರಿಪ್ಟ್ ತಿದ್ದುವುದು. ಸ್ಕ್ರ್ಯಾಚ್ ಡಿಸ್ಕಿನಲ್ಲಿ, ಅಂದರೆ ಕ್ಲಸ್ಟರ್‌ನ ತಾತ್ಕಾಲಿಕ ಡಿಸ್ಕಿನಲ್ಲಿ, ಹಳೇ ಫೈಲ್‌ಗಳು ತಾವಾಗಿಯೇ ಅಳಿಸಿಹೋಗುತ್ತವೆಯೇ ಎಂದು ಮಾತ್ರ ಕೇಳಲು ಮರೆತಿದ್ದೆ. ಮೊದಲ ಎರಡು ದೊಡ್ಡ ರನ್‌ಗಳ ಫಲಿತಾಂಶ ಹಾಗೇ ಹೋಯಿತು.