ಶರಾವತಿ ಸೇತುವೆ ನೋಡಬೇಕೆಂದರೆ ಹೊನ್ನಾವರದಲ್ಲಿ ಇಳಿಯಬೇಡಿ

ಕಾರವಾರದಿಂದ ತೆಂಕಣಕ್ಕೆ ಹೊರಡುವವರು ಎಲ್ಲ ಕಡೆ ನಿಲ್ಲುವ ಹಗಲಿನ ಪ್ಯಾಸೆಂಜರ್ ರೈಲು ಹಿಡಿಯಿರಿ. ಎ.ಸಿ. ಬೋಗಿಯ ಕಪ್ಪು ಗಾಜಿನಲ್ಲಿ ಹೊಳೆಯೂ ಒಂದೇ, ಗದ್ದೆಯೂ ಒಂದೇ. ಕಾರವಾರದ ಸ್ಟೇಷನ್ ಇರುವುದು ಪೇಟೆಯಲ್ಲಲ್ಲ, ಶಿರವಾಡದಲ್ಲಿ. ಬಸ್‌ಸ್ಟ್ಯಾಂಡಿನ ಹತ್ತಿರ ಚಾ ಕುಡಿಯುತ್ತ ಕೂತು ರೈಲು ತಪ್ಪಿಸಿಕೊಂಡವ ನಾನು. ರಿಕ್ಷಾಕ್ಕೆ ಅರ್ಧ ತಾಸು ಇಟ್ಟುಕೊಳ್ಳಿ.

ಅಂಕೋಲೆ ದಾಟಿದ ಮೇಲೆ ಗಂಗಾವಳಿ ಹೊಳೆ, ಗೋಕರ್ಣ ರೋಡ್ ಸ್ಟೇಷನ್ ಕಳೆದ ಮೇಲೆ ಅಘನಾಶಿನಿ ಹೊಳೆ. ಇವೆರಡೂ ಚೆಂದವೇ, ಆದರೆ ಮೊಬೈಲ್ ಹೊರತೆಗೆಯುವಷ್ಟರಲ್ಲಿ ಮುಗಿದುಹೋಗುತ್ತವೆ.

ಶರಾವತಿಯ ಕತೆ ಬೇರೆ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನವರೆಗಿನ 741 ಕಿ.ಮೀ. ಕೊಂಕಣ ರೈಲು ಹಾದಿಯಲ್ಲೇ ಅತಿ ಉದ್ದದ ಸೇತುವೆ ಅದು, 2 ಕಿ.ಮೀ.ಗೂ ಮಿಕ್ಕಿ. ಬರುವುದು ಹೊನ್ನಾವರ ಬಿಟ್ಟ ಮೇಲೆ! ಹೊನ್ನಾವರಕ್ಕೇ ಟಿಕೆಟ್ ತೆಗೆದು ಪೆಚ್ಚಾದವರನ್ನು ಕಂಡಿದ್ದೇನೆ. ಮುರ್ಡೇಶ್ವರಕ್ಕೆ ತೆಗೆಯಿರಿ. ಬಲಗಡೆ ಕಿಟಕಿಯಲ್ಲಿ ಹೊಳೆ ಕಡಲಿಗೆ ಸೇರುವ ದಿಕ್ಕು, ಎಡಗಡೆ ತೆಂಗಿನ ಸಾಲು, ಘಟ್ಟದ ನೀಲಿ. ನಾನು ಎಡಗಡೆಯವನು. ಬಾಗಿಲಲ್ಲಿ ಮಾತ್ರ ಜೋತಾಡಬೇಡಿ, ಮಾರಾಯ್ರೆ.

ಮಳೆಗಾಲಕ್ಕೆ ವೇಳಾಪಟ್ಟಿಯೇ ಬೇರೆ, ರೈಲೂ ನಿಧಾನ. ನಮಗೆ ಅದೇ ಬೇಕಾದದ್ದು.